ಸೋತವರಿಗೆ ಇನ್ನೊಂದು ದಾರಿ

ಎಲ್ಡೆನ್ ರಿಂಗ್ ಆಟದಲ್ಲಿ ಕತ್ತಲೆಯ ಸುರಂಗ ಮುಗಿದು, ಕಲ್ಲಿನ ಬಾಗಿಲು ತಳ್ಳಿ ಲಿಮ್‌ಗ್ರೇವ್ ಬಯಲಿಗೆ ಕಾಲಿಟ್ಟರೆ, ಸ್ವಲ್ಪ ದೂರದಲ್ಲೇ ಚಿನ್ನದ ಕವಚ ತೊಟ್ಟ ಸವಾರನೊಬ್ಬ ಕುದುರೆಯ ಮೇಲೆ ಗಸ್ತು ತಿರುಗುತ್ತಿರುತ್ತಾನೆ. ಟ್ರೀ ಸೆಂಟಿನೆಲ್ ಎಂದು ಅವನ ಹೆಸರು. ಅವನು ಯಾರು, ಎಷ್ಟು ಬಲಶಾಲಿ ಎಂದು ಆಟ ಹೇಳುವುದಿಲ್ಲ. ಹೊಸಬರು ಕತ್ತಿ ಹಿರಿದು ಎದುರು ಹೋಗುತ್ತಾರೆ, ಒಂದೆರಡು ಏಟಿಗೇ ನೆಲ ಕಚ್ಚುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೆ ಸಾಯುತ್ತಾರೆ. ಹೀಗೆ ಹಲವು ಸಲ ಸತ್ತ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅವನು ಕಾಯುತ್ತಿರುವುದು ರಸ್ತೆಯನ್ನು ಮಾತ್ರ. ಎಡಕ್ಕೂ ಬಲಕ್ಕೂ ಹುಲ್ಲುಗಾವಲು ಬಿದ್ದುಕೊಂಡಿದೆ. ಸುತ್ತು ಹಾಕಿ ಹೋಗುವವರನ್ನು ತಡೆಯುವವರೇ ಇಲ್ಲ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಈ ಆಟ ಬಂದದ್ದು 2022ರ ಫೆಬ್ರವರಿ 25ರಂದು. ನಿರ್ದೇಶಕರು ಹಿದೆತಾಕಾ ಮಿಯಾಝಾಕಿ ಮತ್ತು ಯುಯಿ ತನಿಮುರಾ. ಆ ಲೋಕದ ಪುರಾಣಕ್ಕೆ ಅಡಿಪಾಯ ಹಾಕಿಕೊಟ್ಟವರು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅದಕ್ಕೆ ವರ್ಷದ ಆಟವೆಂಬ ಪ್ರಶಸ್ತಿ ಬಂತು. ಇದುವರೆಗೆ 3 ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿವೆ. ಆಟಗಾರರನ್ನು ಇಷ್ಟು ನಿರ್ದಯವಾಗಿ ಸೋಲಿಸುವ ಆಟವೊಂದು ಇಷ್ಟು ಜನರನ್ನು ಹಿಡಿದಿಟ್ಟದ್ದು ಹೇಗೆ? ಉತ್ತರ ಆ ಸವಾರನ ಅಕ್ಕಪಕ್ಕದ ಹುಲ್ಲುಗಾವಲಿನಲ್ಲಿದೆ ಎಂದು ನನ್ನ ನಂಬಿಕೆ.

ಕಠಿಣ ಆಟಕ್ಕೂ, ಇಷ್ಟ ಬಂದ ಕಡೆ ತಿರುಗಲು ಬಿಡುವ ಓಪನ್ ವರ್ಲ್ಡ್‌ಗೂ ಆಗಿಬರುವುದಿಲ್ಲ ಎಂಬ ಮಾತು ಬಹುಕಾಲ ಇತ್ತು. ಅದಕ್ಕೆ ಕಾರಣವೂ ಇತ್ತು. ಕಷ್ಟವನ್ನು ಹದವಾಗಿ ಕೊಡಬೇಕಾದರೆ ಆಟಗಾರ ಯಾವ ಬಾಗಿಲಿನಿಂದ ಬರುತ್ತಾನೆ, ಕೈಯಲ್ಲಿ ಏನು ಆಯುಧ ಇರುತ್ತದೆ, ಎಷ್ಟನೇ ಲೆವೆಲ್‌ನಲ್ಲಿದ್ದಾನೆ ಎಂಬುದು ವಿನ್ಯಾಸಕನಿಗೆ ಗೊತ್ತಿರಬೇಕು. ಬಯಲಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಮೊದಲ ದಿನವೇ ಕೊನೆಯ ಕೋಟೆಗೆ ಬಂದವನೂ ಇರುತ್ತಾನೆ, ಎಲ್ಲ ಸಂದಿಗೊಂದಿ ತಿರುಗಿ ಆನೆಬಲ ಪಡೆದು ಬಂದವನೂ ಇರುತ್ತಾನೆ. ಇಬ್ಬರಿಗೂ ಹೊಂದುವ ಒಬ್ಬ ಶತ್ರುವನ್ನು ಹೇಗೆ ನಿಲ್ಲಿಸುವುದು?

ಈ ಪ್ರಶ್ನೆಗೆ ಅಮೆರಿಕದ ಬೆಥೆಸ್ಡಾ ಕಂಪನಿ 2006ರ ಒಬ್ಲಿವಿಯನ್ ಆಟದಲ್ಲಿ ಒಂದು ಉತ್ತರ ಕೊಟ್ಟಿತು. ಆಟಗಾರನ ಲೆವೆಲ್ ಏರಿದಂತೆ ಲೋಕದ ಲೆವೆಲ್ಲೂ ಏರಲಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆದದ್ದೇನು? ಮೊದಲು ಹರಕು ಚರ್ಮದ ಅಂಗಿ ತೊಟ್ಟು ದಾರಿಗಡ್ಡ ನಿಲ್ಲುತ್ತಿದ್ದ ಕಳ್ಳರು ಕೊನೆಕೊನೆಗೆ ರಾಜರಿಗೂ ದುಬಾರಿಯಾದ ಗಾಜಿನ ಕವಚ ತೊಟ್ಟು ಚಿಲ್ಲರೆ ಕಾಸಿಗೆ ಅಡ್ಡ ಹಾಕತೊಡಗಿದರು. ಎಷ್ಟು ಬೆಳೆದರೂ ಬೆಳೆದಂತೆ ಅನಿಸುವುದಿಲ್ಲ, ಯಾಕೆಂದರೆ ಎದುರಾಳಿಯೂ ಅಷ್ಟೇ ಬೆಳೆದಿರುತ್ತಾನೆ. ಸೋತು ಹಿಂದೆ ಸರಿದವನಿಗೆ ಮರಳಿ ಬಂದು ಗೆಲ್ಲುವ ಸುಖವನ್ನು ಆ ಲೋಕ ಕೊಡಲಾರದು. ಅದೇ ಬೆಥೆಸ್ಡಾದವರ 2002ರ ಮೊರೊವಿಂಡ್‌ನಲ್ಲಿ ಹೋಗಬೇಕಾದ ಜಾಗಕ್ಕೆ ಬಾಣದ ಗುರುತು ಇರಲಿಲ್ಲ. ಸೇತುವೆ ದಾಟಿ, ಎಡಕ್ಕೆ ತಿರುಗಿ, ಗುಡ್ಡದ ತಪ್ಪಲು ಹಿಡಿದು ಹೋಗು ಎಂದು ಜನ ಬಾಯಲ್ಲಿ ಹೇಳುತ್ತಿದ್ದರು, ಡೈರಿಯಲ್ಲಿ ಅದು ದಾಖಲಾಗುತ್ತಿತ್ತು. ನಾಲ್ಕೇ ವರ್ಷದಲ್ಲಿ ಅದು ಹೋಗಿ ದಿಕ್ಸೂಚಿಯ ಮುಳ್ಳು ಬಂತು.

ಇನ್ನೊಂದು ಉತ್ತರ ಅದಕ್ಕೂ ಮೊದಲೇ ಜರ್ಮನಿಯಿಂದ ಬಂದಿತ್ತು. ಪಿರಾನ್ಹಾ ಬೈಟ್ಸ್ ಎಂಬ ಸಣ್ಣ ತಂಡ 2001ರಲ್ಲಿ ಗಾಥಿಕ್, 2002ರಲ್ಲಿ ಗಾಥಿಕ್ 2 ಹೊರತಂದಿತು. ಅಲ್ಲಿ ಯಾವ ಮೃಗವೂ ಆಟಗಾರನಿಗಾಗಿ ತನ್ನ ಬಲವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವುದಿಲ್ಲ. ಕಾಡಿನ ದಟ್ಟ ನೆರಳಲ್ಲಿ ಶ್ಯಾಡೋಬೀಸ್ಟ್ ಇದ್ದರೆ ಇದ್ದೇ ಇರುತ್ತದೆ, ಮೊದಲ ದಿನ ಹೋದವನನ್ನು ಮುಗಿಸಿಯೇ ಕಳಿಸುತ್ತದೆ. ನಾಯಕನಿಗೆ ಕತ್ತಿ ಹಿಡಿಯಲೂ ಬರುವುದಿಲ್ಲ. ಗುರುವಿನ ಬಳಿ ಕಲಿತ ಮೇಲೆ ಅವನು ಕತ್ತಿ ಹಿಡಿಯುವ ಭಂಗಿಯೇ ಬದಲಾಗುತ್ತದೆ. ಬೆಳವಣಿಗೆ ಅಂಕಿಯಲ್ಲಷ್ಟೇ ಇರದೆ ಮೈಯಲ್ಲಿ ಕಾಣುತ್ತಿತ್ತು. ಎಂದೋ ಓಡಿ ತಪ್ಪಿಸಿಕೊಂಡಿದ್ದ ಮೃಗವನ್ನು ಹುಡುಕಿಕೊಂಡು ಹೋಗಿ ಮಣಿಸುವಾಗಿನ ಖುಷಿಗೆ ಸಮನಾದದ್ದು ಆ ಕಾಲದ ಆಟಗಳಲ್ಲಿ ಇರಲಿಲ್ಲ. ಎಲ್ಡೆನ್ ರಿಂಗ್ ಬಗ್ಗೆ ಮಾತಾಡುವವರು ಗಾಥಿಕ್ ಹೆಸರು ಎತ್ತದಿರುವುದು ನನಗೆ ಬೇಸರದ ಸಂಗತಿ. ದಾರಿ ಮೊದಲು ಕಡಿದವರು ಅವರು.

ಫ್ರಮ್‌ಸಾಫ್ಟ್‌ವೇರ್‌ನವರು ತಮ್ಮದೇ ದಾರಿಯಲ್ಲಿ ಇಲ್ಲಿಗೆ ಬಂದರು. 2009ರ ಡೀಮನ್ಸ್ ಸೋಲ್ಸ್‌ನಲ್ಲಿ ಐದು ಕಲ್ಲುಗಳು ಐದು ಬೇರೆಬೇರೆ ನಾಡಿಗೆ ಕರೆದೊಯ್ಯುತ್ತಿದ್ದವು. ಒಂದು ಕಡೆ ಸೋತರೆ ಇನ್ನೊಂದು ಕಲ್ಲು ಮುಟ್ಟಬಹುದಿತ್ತು. 2011ರ ಡಾರ್ಕ್ ಸೋಲ್ಸ್‌ನಲ್ಲಿ ಆ ನಾಡುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡವು. ಅದರ ಆರಂಭದ ತಾಣ ಫೈರ್‌ಲಿಂಕ್ ಶ್ರೈನ್‌ನಿಂದ ಮುಖ್ಯವಾಗಿ ಮೂರು ದಾರಿ. ಸ್ಮಶಾನ ದಾಟಿ ಹೋದರೆ ಬಡಿದಷ್ಟೂ ಎದ್ದು ನಿಲ್ಲುವ ಅಸ್ಥಿಪಂಜರಗಳು. ಕೆಳಗಿಳಿದು ನ್ಯೂ ಲಾಂಡೋ ಕಡೆ ಹೋದರೆ ದೆವ್ವಗಳು, ಸಾಮಾನ್ಯ ಕತ್ತಿ ಅವುಗಳ ಮೈಯನ್ನು ತಾಗದೆ ಹಾದುಹೋಗುತ್ತದೆ. ಮೂರನೆಯದು ಮೆಟ್ಟಿಲು ಹತ್ತಿ ಹೋಗುವ ದಾರಿ, ಅಲ್ಲಿನ ಶತ್ರುಗಳು ನಮ್ಮ ಕೈಗೆ ಎಟುಕುವವರು. ಯಾವ ಫಲಕವೂ ಇಲ್ಲದೆ, ಸೋಲಿನ ಬಗೆಯಿಂದಲೇ ಆಟ ದಾರಿ ಹೇಳುತ್ತಿತ್ತು. ಗಂಟೆಗಟ್ಟಲೆ ಕಾದಾಡಿದ ಮೇಲೆ ಒಂದು ಲಿಫ್ಟ್ ಹತ್ತಿದರೆ ಅದು ಇಳಿಸುವುದು ಮತ್ತೆ ಅದೇ ಫೈರ್‌ಲಿಂಕ್‌ಗೆ. ದೂರ ಬಂದೆವು ಎಂದುಕೊಂಡಿದ್ದವರಿಗೆ ಊರು ಹಿತ್ತಿಲಲ್ಲೇ ಇತ್ತೆಂದು ಗೊತ್ತಾಗುವ ಆ ಗಳಿಗೆಯನ್ನು ಆಡಿದವರು ಯಾರೂ ಮರೆಯುವುದಿಲ್ಲ.

ಮೂರನೆಯ ಎಳೆ ನಿಂಟೆಂಡೊದ್ದು. ಆಗಿನ ಓಪನ್ ವರ್ಲ್ಡ್ ಆಟಗಳು ಹೇಗಿದ್ದವೆಂದರೆ, ಎತ್ತರದ ಗೋಪುರ ಹತ್ತಬೇಕು, ಹತ್ತಿದ ಕೂಡಲೇ ಮ್ಯಾಪಿನ ತುಂಬ ಗುರುತುಗಳು ಮೂಡಬೇಕು, ಆಮೇಲೆ ಒಂದೊಂದನ್ನೇ ಅಳಿಸುತ್ತ ಹೋಗಬೇಕು. 2007ರ ಅಸಾಸಿನ್ಸ್ ಕ್ರೀಡ್‌ನಿಂದ ಶುರುವಾದ ಈ ಪದ್ಧತಿ ಹತ್ತು ವರ್ಷ ಆಳಿತು. 2017ರ ಮಾರ್ಚ್‌ನಲ್ಲಿ ಬಂದ ಬ್ರೆತ್ ಆಫ್ ದಿ ವೈಲ್ಡ್‌ನಲ್ಲೂ ಗೋಪುರ ಇತ್ತು, ಆದರೆ ಅದು ನೆಲದ ಆಕಾರವನ್ನು ಮಾತ್ರ ತೋರಿಸುತ್ತಿತ್ತು. ಎಲ್ಲಿ ಏನಿದೆ ಎಂಬುದನ್ನು ಗೋಪುರದ ಮೇಲೆ ನಿಂತು ಕಣ್ಣಲ್ಲೇ ನೋಡಿ ಗುರುತು ಹಾಕಿಕೊಳ್ಳಬೇಕಿತ್ತು. ಅದರ ವಿನ್ಯಾಸಕರು ಆ ವರ್ಷದ ಸಮ್ಮೇಳನಗಳಲ್ಲಿ ತಮ್ಮ ಕೆಲಸದ ಗುಟ್ಟನ್ನು ಬಿಚ್ಚಿಟ್ಟರು. ಬಯಲನ್ನು ತ್ರಿಕೋನಗಳಿಂದ ತುಂಬಿದ್ದೇವೆ ಎಂದರು. ಗುಡ್ಡ ದೊಡ್ಡ ತ್ರಿಕೋನ, ಬಂಡೆ ಸಣ್ಣದು. ತ್ರಿಕೋನ ಎದುರಾದರೆ ಹತ್ತುವುದೋ ಬಳಸಿ ಹೋಗುವುದೋ ಎಂಬ ಆಯ್ಕೆ ಹುಟ್ಟುತ್ತದೆ. ಅದರ ಹಿಂದೆ ಏನಾದರೂ ಅಡಗಿಸಿಟ್ಟರೆ ನಡೆದಂತೆಲ್ಲ ಅದು ಮೆಲ್ಲಗೆ ಹೊರಗಿಣುಕುತ್ತದೆ. ಬಾಣ ಹಾಕಿ ತೋರಿಸಬೇಕಾಗಿಲ್ಲ, ಕಾಲು ತಾನೇ ಅತ್ತ ತಿರುಗುತ್ತದೆ.

ಈ ಮೂರೂ ಎಳೆಗಳು, ಅಂದರೆ ಗಾಥಿಕ್‌ನ ಜಗ್ಗದ ಲೋಕ, ಡಾರ್ಕ್ ಸೋಲ್ಸ್‌ನ ಸೋಲಿನ ಪಾಠ, ನಿಂಟೆಂಡೊದ ಕಣ್ಣಿನ ದಾರಿ, ಎಲ್ಡೆನ್ ರಿಂಗ್‌ನಲ್ಲಿ ಒಂದೇ ಹಗ್ಗವಾಗಿವೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹತ್ತಿರ ಹೋಗಿ ನೋಡಬೇಕು.

ಸೋತು ಬೇರೆ ಕಡೆ ಹೊರಟವನಿಗೆ ಎಲ್ಲಿ ಏನು ಸಿಗುತ್ತದೆ ಎಂಬ ಸುಳಿವು ಬೇಕು. ಎಲ್ಡೆನ್ ರಿಂಗ್ ಅದನ್ನು ನೆಲದ ಮೇಲೆಯೇ ಬರೆದಿಟ್ಟಿದೆ. ರಸ್ತೆಬದಿಯಲ್ಲಿ ಚಿನ್ನದಂತೆ ಹೊಳೆಯುವ ಪುಟ್ಟ ಗಿಡ ಕಂಡರೆ ಅಲ್ಲಿ ಗೋಲ್ಡನ್ ಸೀಡ್ ಇರುತ್ತದೆ, ಮದ್ದಿನ ಗುಟುಕು ಹೆಚ್ಚುತ್ತದೆ. ಪಾಳುಬಿದ್ದ ಚರ್ಚು ಕಂಡರೆ ಅಲ್ಲಿ ಆ ಮದ್ದಿನ ಶಕ್ತಿ ಹೆಚ್ಚಿಸುವ ಕಣ್ಣೀರ ಹನಿ ಸಿಗಬಹುದು. ಮ್ಯಾಪಿನಲ್ಲಿ ಕಪ್ಪು ಬಾಯಿಯಂಥ ವೃತ್ತ ಕಂಡರೆ ಅದು ಗಣಿ, ಕತ್ತಿ ಹರಿತ ಮಾಡುವ ಸ್ಮಿತಿಂಗ್ ಸ್ಟೋನ್ ಅಲ್ಲಿದೆ. ಯಾವ ಪಟ್ಟಿಯೂ ಇದನ್ನು ಹೇಳಿಕೊಡುವುದಿಲ್ಲ. ಎರಡು ಚರ್ಚು ನೋಡಿದ ಮೇಲೆ ಮೂರನೆಯದರ ಗೋಡೆ ದೂರದಲ್ಲಿ ಕಂಡಾಗ ಆಟಗಾರನೇ ಅರ್ಥ ಮಾಡಿಕೊಳ್ಳುತ್ತಾನೆ. ಮಾರ್ಗಿಟ್ ಎಂಬ ಬಾಸ್, ಅಂದರೆ ದೊಡ್ಡ ಎದುರಾಳಿ, ಸೇತುವೆಯ ಮೇಲೆ ನಿಂತು ಮೇಲಿಂದ ಮೇಲೆ ಸೋಲಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಕತ್ತಿ ಸಾಲದಾಯಿತೇ, ಗಣಿಗೆ ಹೋಗು. ಮದ್ದು ಸಾಲದಾಯಿತೇ, ಚರ್ಚು ಹುಡುಕು. ಹೋರಾಟ ನನ್ನಿಂದಾಗದು ಅನ್ನುವವನಿಗೂ ದಕ್ಷಿಣದಲ್ಲಿ ವೀಪಿಂಗ್ ಪೆನಿನ್ಸುಲಾ ಎಂಬ ಸೌಮ್ಯವಾದ ಸೀಮೆ ಇದೆ. ಈ ಆಟದಲ್ಲಿ ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಯ ಗುಂಡಿ ಇಲ್ಲ. ಭೂಪಟವೇ ಆ ಗುಂಡಿ.

ಕಥೆಯ ಹಂದರವೂ ಇದಕ್ಕೆ ಒತ್ತಾಸೆಯಾಗಿದೆ. ರಾಜಧಾನಿ ಲೇಂಡೆಲ್ ಒಳಗೆ ಹೋಗಲು ದೊಡ್ಡ ಬಾಸ್‌ಗಳ ಬಳಿ ಇರುವ ಗ್ರೇಟ್ ರೂನ್‌ಗಳಲ್ಲಿ ಎರಡನ್ನು ಗೆದ್ದಿರಬೇಕು, ಆದರೆ ಯಾವ ಎರಡು ಎಂಬ ಕಟ್ಟಿಲ್ಲ. ಮಾರ್ಗಿಟ್ ಕಾಯುವ ಸ್ಟಾರ್ಮ್‌ವೀಲ್ ಕೋಟೆಯ ಪಕ್ಕದಲ್ಲೇ ಬಂಡೆಯಂಚು ಹಿಡಿದು ಹೋಗುವ ಕಾಲುದಾರಿಯೊಂದಿದೆ. ಕೋಟೆಗೆ ಕಾಲಿಡದೆಯೇ ಅದು ಲಿಯುರ್ನಿಯಾ ಸೀಮೆಗೆ ಇಳಿಸುತ್ತದೆ. ಆಟದ ಮೊದಲ ದೊಡ್ಡ ಕೋಟೆಯನ್ನೇ ಬಿಟ್ಟು ಹೋಗಲು ಬಿಡುವುದಕ್ಕೆ ಗುಂಡಿಗೆ ಬೇಕು. ವರ್ಷಗಟ್ಟಲೆ ದುಡಿದು ಕಟ್ಟಿದ ಕೋಟೆಯನ್ನು ಕೆಲವರು ನೋಡದೆಯೇ ಹೋಗಬಹುದು ಎಂದು ಒಪ್ಪಿಕೊಂಡವರಿಗೆ ಮಾತ್ರ ಇಂಥ ಲೋಕ ಕಟ್ಟಲು ಸಾಧ್ಯ.

ಅಪಾಯವೂ ಕಣ್ಣಿಗೆ ಕಾಣಬೇಕು. ಹಸಿರು ಲಿಮ್‌ಗ್ರೇವ್‌ನಿಂದ ಪೂರ್ವಕ್ಕೆ ಹೋದಂತೆ ಹುಲ್ಲು ಸುಟ್ಟಂತಾಗುತ್ತದೆ, ಆಕಾಶ ಕೆಂಪೇರುತ್ತದೆ, ನಾಯಿಗಳು ಮನೆಯೆತ್ತರ ಬೆಳೆದಿರುತ್ತವೆ. ಕೇಲಿಡ್ ಎಂಬ ಆ ಸೀಮೆಗೆ ಈಗ ಬರಬೇಡ ಎಂದು ನೆಲವೇ ಕೂಗಿ ಹೇಳುತ್ತದೆ. ಹೇಳಿದ ಮೇಲೂ ಹೋದವನು ಸತ್ತರೆ ತನ್ನನ್ನೇ ಬೈದುಕೊಳ್ಳುತ್ತಾನೆ ಹೊರತು ಆಟವನ್ನಲ್ಲ. ಈ ಪ್ರಾಮಾಣಿಕತೆಯನ್ನು ಆಟ ಒಂದು ಕಡೆ ಬೇಕೆಂದೇ ಮುರಿಯುತ್ತದೆ. ಲಿಮ್‌ಗ್ರೇವ್‌ನ ಕೆರೆಯಂಚಿನಲ್ಲಿ, ಡ್ರ್ಯಾಗನ್ ಸುಟ್ಟ ಹಾಳು ಮನೆಯ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಕವಿದು, ಕಣ್ಣು ಬಿಟ್ಟಾಗ ಕೇಲಿಡ್‌ನ ಗಣಿಯೊಳಗೆ ಬಿದ್ದಿರುತ್ತೇವೆ. ಅಲ್ಲಿಂದ ಹೊರಬೀಳುವ ತನಕ ಬೇರೆಡೆಗೆ ಹಾರುವಂತಿಲ್ಲ. ಉಸಿರು ಬಿಗಿಹಿಡಿದು ಹೊರಗೆ ಓಡಿ ಬಂದರೆ ಮೇಲೆ ಕೆಂಪು ಆಕಾಶ. ಭಯದ ಜತೆಗೆ ಈ ಲೋಕ ಎಷ್ಟು ದೊಡ್ಡದು ಎಂಬ ಬೆರಗೂ ಅಲ್ಲೇ ಹುಟ್ಟುತ್ತದೆ. ನೂರು ಕಡೆ ನಿಜ ಹೇಳಿದ ಲೋಕ ಮಾತ್ರ ಒಂದು ಕಡೆ ಹೀಗೆ ಮೋಸ ಮಾಡಬಹುದು.

ಬೆರಗಿಗೆ ಇನ್ನೊಂದು ಜಾಗ ಇದೆ. ಲಿಮ್‌ಗ್ರೇವ್‌ನ ಪೂರ್ವದ ಕಾಡಿನಲ್ಲಿ, ಕರಡಿಗಳು ತಿರುಗುವ ಕಡೆ, ಕಲ್ಲಿನ ಗುಡಿಯಂಥ ಕಟ್ಟಡವೊಂದು ನಿಂತಿದೆ. ಒಳಗೆ ಲಿಫ್ಟ್. ಹತ್ತಿ ನಿಂತರೆ ಕೆಳಗಿಳಿಯುತ್ತದೆ. ಇಳಿಯುತ್ತದೆ, ಇನ್ನೂ ಇಳಿಯುತ್ತದೆ. ಇಷ್ಟು ಆಳ ಯಾಕೆ ಎಂದು ಆಟಗಾರ ಯೋಚಿಸುವಷ್ಟು ಹೊತ್ತು ಅದು ನಿಲ್ಲುವುದಿಲ್ಲ. ಕೊನೆಗೆ ನೋಡಿದರೆ ನೆಲದಡಿಯಲ್ಲಿ ನಕ್ಷತ್ರ ತುಂಬಿದ ಆಕಾಶ, ಅದರ ಕೆಳಗೆ ಸಿಯೋಫ್ರಾ ಎಂಬ ನದಿ, ನೀಲಿ ಬೆಳಕಿನ ಬಿಲ್ಲುಗಾರರು. ಇಂಥದ್ದೊಂದು ಇದೆಯೆಂದು ಯಾರೂ ಹೇಳಿರುವುದಿಲ್ಲ. ಮ್ಯಾಪ್ ಕೂಡ ಹೇಳಿರುವುದಿಲ್ಲ, ಏಕೆಂದರೆ ಈ ಆಟದ ಮ್ಯಾಪು ಮೊದಲಿಗೆ ಚಿಕ್ಕದಾಗಿ ಕಂಡು, ನಾವು ಹೊಸ ಸೀಮೆ ಮುಟ್ಟಿದಂತೆ ಅಗಲವಾಗುತ್ತ ಹೋಗುತ್ತದೆ. ಲೋಕದ ಅಂಚು ಎಲ್ಲಿದೆ ಎಂಬುದನ್ನು ಮುಚ್ಚಿಟ್ಟದ್ದು ಅದರ ಅತಿ ಜಾಣ ತೀರ್ಮಾನಗಳಲ್ಲಿ ಒಂದು.

ಸಾವಿನ ಬೆಲೆಯ ವಿಚಾರ ಸೂಕ್ಷ್ಮವಾದದ್ದು. ಸತ್ತರೆ, ಬಲ ಹೆಚ್ಚಿಸಿಕೊಳ್ಳಲು ಗಳಿಸಿಟ್ಟ ರೂನ್‌ಗಳೆಲ್ಲ ಸತ್ತ ಜಾಗದಲ್ಲೇ ಬೀಳುತ್ತವೆ. ಮತ್ತೆ ಅಲ್ಲಿಗೆ ಹೋಗಿ ಎತ್ತಿಕೊಳ್ಳುವ ಮೊದಲೇ ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋದವು. ಹಳೆಯ ಆಟಗಳ ಇಕ್ಕಟ್ಟಾದ ಓಣಿಗಳಲ್ಲಿ ಈ ನಿಯಮ ಆಟಗಾರನನ್ನು ಅದೇ ಬಾಸ್‌ನ ಬಾಗಿಲಿಗೆ ಕಟ್ಟಿಹಾಕುತ್ತಿತ್ತು. ಬಯಲಿನಲ್ಲೂ ಹಾಗೇ ಆಗಿದ್ದರೆ ದಾರಿ ಬದಲಿಸುವ ಸ್ವಾತಂತ್ರ್ಯ ಬರೀ ಮಾತಾಗುತ್ತಿತ್ತು. ಅದಕ್ಕೇ ಟಾರೆಂಟ್ ಎಂಬ ಕುದುರೆ ಬಂತು. ಬಯಲಿನಲ್ಲಿ ಶಿಳ್ಳೆ ಹಾಕಿದರೆ ಆ ಕ್ಷಣವೇ ಪ್ರತ್ಯಕ್ಷವಾಗಿ ಬೆನ್ನಿಗೇರಿಸಿಕೊಳ್ಳುತ್ತದೆ. ನುಗ್ಗಿ, ರೂನ್ ಎತ್ತಿಕೊಂಡು, ಶತ್ರು ತಿರುಗುವಷ್ಟರಲ್ಲಿ ಪಾರಾಗಬಹುದು. ಕಷ್ಟದ ಬಾಸ್‌ಗಳ ಹತ್ತಿರ ಮರಿಕಾಳ ಗೂಟಗಳನ್ನು ನೆಟ್ಟಿದ್ದಾರೆ. ಸತ್ತವರು ಅಲ್ಲೇ ಏಳಬಹುದು, ಮೈಲಿಗಟ್ಟಲೆ ನಡೆಯಬೇಕಾಗಿಲ್ಲ. ಹೊಡೆದಾಟವನ್ನು ಸಡಿಲಿಸದೆ ಹೊಡೆದಾಟಕ್ಕೆ ಹೋಗುವ ದಾರಿಯನ್ನು ಮಾತ್ರ ಸಡಿಲಿಸಿದ್ದು ದೊಡ್ಡ ವಿವೇಕ.

ಇಷ್ಟೆಲ್ಲ ಇದ್ದೂ ಈ ಲೋಕ ಸೋಲುವ ಕಡೆಗಳಿವೆ, ಅವನ್ನು ಹೇಳದೆ ಸಮೀಕ್ಷೆ ಆಗುವುದಿಲ್ಲ. ನೆಲಮಾಳಿಗೆಯ ಗೋರಿಗಳಲ್ಲಿ ಅದೇ ಕಲ್ಲಿನ ಕಾವಲುಗಾರ ಮತ್ತೆಮತ್ತೆ ಎದುರಾಗುತ್ತಾನೆ. ಕೋಟೆಯೊಡೆಯ ಗಾಡ್ರಿಕ್‌ನನ್ನು ಗೆದ್ದು ಬೀಗುತ್ತ ಮುಂದೆ ಹೋದರೆ ಗಾಡೆಫ್ರಾಯ್ ಎಂಬ ಹೆಸರಲ್ಲಿ ಅವನ ಪಡಿಯಚ್ಚೇ ನಿಂತಿರುತ್ತಾನೆ. ನಕ್ಷತ್ರಲೋಕದಿಂದ ಬಿದ್ದ ಆಸ್ಟೆಲ್ ಎಂಬ ಅಪೂರ್ವ ಜೀವಿಯನ್ನೂ ಹಿಮದ ಗಣಿಯಲ್ಲಿ ಎರಡನೆಯ ಸಲ ಬಳಸಿದ್ದಾರೆ. ಒಂದೇ ಒಂದು ಎಂದು ನಂಬಿದ್ದು ಎರಡಾದಾಗ ಹಿಂದಿನ ಗೆಲುವಿನ ತೂಕವೂ ಇಳಿಯುತ್ತದೆ. ಇದು ಬರೀ ಬೇಸರದ ಪ್ರಶ್ನೆಯಲ್ಲ. ಬೇರೆ ದಾರಿ ಹಿಡಿದವನಿಗೆ ಅಲ್ಲಿ ಹೊಸದು ಸಿಗಬೇಕು. ಸಿಕ್ಕಿದ್ದು ನೋಡಿದ್ದೇ ಆದರೆ ಮುಂದಿನ ಸಲ ಅವನು ಗೋಡೆಗೇ ತಲೆ ಚಚ್ಚಿಕೊಳ್ಳುತ್ತಾನೆ.

ಇನ್ನೊಂದು ಕೊರತೆ ಕೊನೆಯ ಭಾಗದ್ದು. ದೈತ್ಯರ ಹಿಮಪರ್ವತಕ್ಕೆ ಬರುವ ಹೊತ್ತಿಗೆ ದಾರಿಗಳು ಒಂದಾಗಿಬಿಡುತ್ತವೆ, ಶತ್ರುಗಳ ಏಟು ಮಾತ್ರ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಸೋತರೆ ಹೋಗಲು ಬೇರೆ ಹೊಸ ಜಾಗವೇ ಉಳಿದಿರುವುದಿಲ್ಲ. ಆಟದ ಉತ್ತರಾರ್ಧ ಅನ್ಯಾಯದ್ದು ಎಂದು ಜನ ದೂರಿದರೆ ನಾನು ಅದನ್ನು ಹೀಗೆ ಓದುತ್ತೇನೆ: ಅಲ್ಲಿ ಕಷ್ಟ ಹೆಚ್ಚಾದದ್ದಕ್ಕಿಂತ ಆಯ್ಕೆ ಕಡಿಮೆಯಾದದ್ದು ಹೆಚ್ಚು ನೋಯಿಸುತ್ತದೆ. ತದ್ವಿರುದ್ಧದ ಸಮಸ್ಯೆಯೂ ಇದೆ. ಎಲ್ಲೆಡೆ ತಿರುಗಿ ಬಂದವನ ಎದುರು ಮಧ್ಯದ ಬಾಸ್‌ಗಳು ಎರಡೇ ನಿಮಿಷದಲ್ಲಿ ಉರುಳುತ್ತಾರೆ.

ಫ್ರಮ್‌ಸಾಫ್ಟ್‌ವೇರ್‌ಗೆ ಇದು ಗೊತ್ತಿತ್ತು. 2024ರ ಜೂನ್ 21ರಂದು ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ವಿಸ್ತರಣೆಯಲ್ಲಿ ಸ್ಕಾಡುಟ್ರೀ ತುಣುಕು ಎಂಬುದನ್ನು ತಂದರು. ಹಳೆಯ ನಾಡಿನಲ್ಲಿ ಎಷ್ಟೇ ಬೆಳೆದಿದ್ದರೂ ಈ ಹೊಸ ನಾಡಿನಲ್ಲಿ ಆ ತುಣುಕುಗಳನ್ನು ಹುಡುಕಿ ಕೂಡಿಸಿಕೊಂಡಷ್ಟೇ ಬಲ. ಹುಡುಕಾಟವೇ ಶಕ್ತಿಯಾಯಿತು, ಬರೀ ರೂನ್ ಕೂಡಿಡುವುದು ಸಾಲದಾಯಿತು. ತತ್ವದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರ ಇಲ್ಲ. ಆದರೂ ಬಹಳ ಮಂದಿ ತುಣುಕು ಹುಡುಕದೆ ನೇರ ಬಾಸ್‌ಗಳ ಬಳಿ ಹೋಗಿ, ಸೋತು, ಸಿಟ್ಟಾದರು. ಕೆಲವೇ ದಿನಗಳಲ್ಲಿ ಕಂಪನಿ ಮೊದಲ ತುಣುಕುಗಳ ಬಲವನ್ನು ಹೆಚ್ಚಿಸಬೇಕಾಯಿತು. ದಾರಿ ಇದ್ದರೆ ಸಾಲದು, ದಾರಿ ಇದೆಯೆಂದು ಮನವರಿಕೆಯೂ ಆಗಬೇಕು.

ಉಳಿದವರ ಪ್ರಯತ್ನಗಳನ್ನು ಬೇಗ ನೋಡಿಬಿಡಬಹುದು. 2020ರ ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಬಾಣದ ಬದಲು ಗಾಳಿ ಬೀಸುವ ದಿಕ್ಕು ದಾರಿ ತೋರಿಸುತ್ತದೆ. ಉಪಾಯ ಚೆಲುವಾದದ್ದು, ಆದರೆ ಗಾಳಿ ಕರೆದುಕೊಂಡು ಹೋಗುವ ಜಾಗಗಳು ಒಂದೇ ಅಚ್ಚಿನವು. ಟೀಮ್ ನಿಂಜಾದ ರೈಸ್ ಆಫ್ ದಿ ರೋನಿನ್ 2024ರಲ್ಲೂ ಗುರುತುಗಳ ಪಟ್ಟಿಯನ್ನೇ ನೆಚ್ಚಿಕೊಂಡಿತು. ಅದೇ ವರ್ಷದ ಡ್ರ್ಯಾಗನ್ಸ್ ಡಾಗ್ಮಾ 2 ಪ್ರಯಾಣವನ್ನೇ ಕಷ್ಟವಾಗಿಸಿತು. ಒಂದೂರಿಂದ ಇನ್ನೊಂದೂರಿಗೆ ಹಾರಲು ಅಪರೂಪದ ಕಲ್ಲು ಬೇಕು, ಇಲ್ಲವೇ ಎತ್ತಿನ ಗಾಡಿ ಹತ್ತಬೇಕು. ಗಾಡಿಯಲ್ಲಿ ನಿದ್ದೆ ಹೋದವರನ್ನು ದಾರಿಗಳ್ಳರೋ ಗ್ರಿಫಿನ್ನೋ ಎಬ್ಬಿಸುವುದುಂಟು. ನಡೆದೇ ಹೋಗುವವನು ಕತ್ತಲಾಗುವುದರೊಳಗೆ ತಂಗಲು ಜಾಗ ಹುಡುಕಬೇಕು. ಬಹಳ ಜನ ಬೈದರೂ ನಾನು ಇದರ ಪರ. ದೂರಕ್ಕೆ ಬೆಲೆ ಇಲ್ಲದ ಲೋಕ ದೊಡ್ಡದಾಗಿದ್ದೂ ಚಿಕ್ಕದೇ. 2024ರ ಬ್ಲ್ಯಾಕ್ ಮಿತ್: ವುಕಾಂಗ್ ಓಪನ್ ವರ್ಲ್ಡ್ ಅಲ್ಲವೇ ಅಲ್ಲ, ಆದರೂ ಇಲ್ಲಿ ನೆನೆಯಬೇಕು. ಅದರ ಕಾಡು ತೆರೆದಂತೆ ಕಾಣುತ್ತದೆ, ಕಾಲಿಟ್ಟರೆ ಕಾಣದ ಗೋಡೆ ತಡೆಯುತ್ತದೆ. ಹೋಗಬಹುದು ಎಂದು ತೋರಿಸಿ ಹೋಗಗೊಡದಿರುವುದು ಇಕ್ಕಟ್ಟಿನ ಓಣಿಗಿಂತ ಕೆಟ್ಟದ್ದು. ಇನ್ನು ಫ್ರಮ್‌ಸಾಫ್ಟ್‌ವೇರ್‌ನವರದೇ 2025ರ ನೈಟ್‌ರೇನ್‌ನಲ್ಲಿ ಮೂವರು ಆಟಗಾರರಿಗೆ ಮೂರು ದಿನದ ಗಡುವು ಕೊಟ್ಟು, ಸುತ್ತ ಮುಚ್ಚಿಕೊಂಡು ಬರುವ ಮಳೆಯಿಂದ ಓಡಿಸುತ್ತಾರೆ. ಹಳೆಯ ಸೀಮೆಯೇ ಆದರೂ ಅನುಭವವೇ ಬೇರೆ, ಏಕೆಂದರೆ ಆಮೇಲೆ ಬರುತ್ತೇನೆ ಎನ್ನಲು ಅಲ್ಲಿ ಆಮೇಲೆ ಎಂಬುದೇ ಇಲ್ಲ.

ಇದೆಲ್ಲ ದುಬಾರಿ ಕನ್ಸೋಲು, ಗ್ರಾಫಿಕ್ಸ್ ಕಾರ್ಡು ಇರುವವರ ಮಾತು. ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರು ಸೀಮೆಯ ಬೇರಿಕೆ, ಬಾಗಲೂರು, ಶೂಲಗಿರಿ ಕಡೆಯ ಹುಡುಗರು ಆಡುವುದು ಹೆಚ್ಚಾಗಿ ಫೋನಿನಲ್ಲಿ. ಅವರಿಗೆ ಓಪನ್ ವರ್ಲ್ಡ್ ಆಕ್ಷನ್ ಆಟವೆಂದರೆ 2020ರಲ್ಲಿ ಬಂದ, ಪುಕ್ಕಟೆ ಸಿಗುವ ಗೆನ್‌ಶಿನ್ ಇಂಪ್ಯಾಕ್ಟ್ ಆಗಿರುವ ಸಂಭವವೇ ಜಾಸ್ತಿ. ಬ್ರೆತ್ ಆಫ್ ದಿ ವೈಲ್ಡ್‌ನಿಂದ ಬೆಟ್ಟ ಹತ್ತುವುದನ್ನೂ ಗಾಳಿಯಲ್ಲಿ ತೇಲುವುದನ್ನೂ ಅದು ಕಲಿತಿದೆ. ಆದರೆ ಆಟಗಾರನ ದರ್ಜೆ ಏರಿದಂತೆ ಲೋಕದ ದರ್ಜೆಯೂ ಏರುತ್ತದೆ, ಅಂದರೆ ಒಬ್ಲಿವಿಯನ್‌ನ ಹಳೆಯ ಉತ್ತರವೇ. ಸೋತವನು ಬಲಿಯಲು ಹೋಗುವ ಇನ್ನೊಂದು ದಾರಿ ಅಲ್ಲಿ ದುಡ್ಡು ಕೊಟ್ಟು ಪಾತ್ರಗಳ ಲಾಟರಿ ಎತ್ತುವ ಅಂಗಡಿಯ ಮುಂದೆ ಹಾದುಹೋಗುತ್ತದೆ. ಹದಿಹರೆಯದವರ ಕೈಗೆ ಇಂಥ ಲೋಕ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಭಾಷೆಯ ವಿಚಾರವೂ ಇದೆ. ನಮ್ಮ ಗಡಿಯ ಊರುಗಳಲ್ಲಿ ಮನೆಯಲ್ಲಿ ಕನ್ನಡವೋ ತೆಲುಗೋ, ಬಸ್ಸಿನಲ್ಲಿ ತಮಿಳು. ಈ ಆಟಗಳು ಕನ್ನಡದಲ್ಲಿ ಬರುವುದಿಲ್ಲ. ಎಲ್ಡೆನ್ ರಿಂಗ್‌ನ ಪಾತ್ರಗಳು ಆಡುವುದು ಹಳೆಗಾಲದ ಇಂಗ್ಲಿಷು, ಕಥೆಯ ಅರ್ಧ ಪಾಲು ವಸ್ತುಗಳ ವಿವರಣೆಯಲ್ಲಿ ಹುದುಗಿದೆ. ಓದಲಾಗದವನಿಗೆ ಆ ಬಾಗಿಲು ಮುಚ್ಚಿತು. ಆದರೆ ಕೆಂಪು ಆಕಾಶ ಓದಲು ಇಂಗ್ಲಿಷು ಬೇಡ. ದೂರದ ಚರ್ಚು, ಹೊಳೆಯುವ ಗಿಡ, ಬಂಡೆಯಂಚಿನ ಕಾಲುದಾರಿ, ಇವು ಎಲ್ಲರಿಗೂ ಒಂದೇ. ನೆಲದ ಮೂಲಕ ಮಾತಾಡುವ ವಿನ್ಯಾಸವನ್ನು ನಾನು ಇಷ್ಟು ಎತ್ತಿ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅದು ನಮ್ಮ ಕಡೆಯ ಹುಡುಗಿಯನ್ನೂ ಟೋಕಿಯೋದ ಹುಡುಗಿಯನ್ನೂ ಸಮಾನವಾಗಿ ಕಾಣುತ್ತದೆ.

ಇಂಥ ಲೋಕ ಕಟ್ಟುವ ಕೆಲಸ ದೂರದ ದೇಶಗಳಲ್ಲೇ ನಡೆಯುತ್ತದೆ ಎಂದುಕೊಳ್ಳಬೇಕಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಕಲೆಯ ಕೆಲಸ ಮಾಡಿಕೊಡುತ್ತ ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೋಗೆ ಸೇರಿಸಿಕೊಂಡಿತು. ಆ ಸ್ಟುಡಿಯೋ 2018ರ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲೂ ದುಡಿದಿದೆ. ಹೊಸೂರಿನಿಂದ ಬಸ್ಸು ಹತ್ತಿ ಹೋಗುವಷ್ಟು ಹತ್ತಿರದ ಊರಲ್ಲಿ ಅಮೆರಿಕದ ಬಯಲುಸೀಮೆಯ ಆಟಕ್ಕೆ ಕೆಲಸ ನಡೆದಿತ್ತು. ನಮ್ಮ ಬಯಲನ್ನು ಇನ್ನೂ ಯಾರೂ ಹಾಗೆ ಕಟ್ಟಿಲ್ಲ.

ಬ್ರೆತ್ ಆಫ್ ದಿ ವೈಲ್ಡ್‌ನ ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಹೇಳಿಕೊಂಡ ಒಂದು ಕೆಲಸ ನನಗೆ ಬಹಳ ಮೆಚ್ಚುಗೆ. ಲೋಕ ಎಷ್ಟು ದೊಡ್ಡದಿರಬೇಕು ಎಂದು ತಿಳಿಯದಾದಾಗ ಅವರು ತಮ್ಮ ಊರಾದ ಕ್ಯೋಟೊದ ನಕ್ಷೆಯನ್ನು ಆಟದ ನಕ್ಷೆಯ ಮೇಲೆ ಹಾಸಿ, ತಾವು ನಡೆದು ಬಲ್ಲ ದೂರಗಳಿಂದ ಅಳೆದರು. ಅದೇ ಕೆಲಸವನ್ನು ಬೇರಿಕೆಯಿಂದ ಶುರು ಮಾಡಬಹುದು.

ಹಳೆಯ ಸೇಲಂ ಸೀಮೆಯನ್ನು ಬಾಲಾಘಾಟ್, ಬಾರಾಮಹಲ್, ತಲಘಾಟ್ ಎಂದು ಮೂರಾಗಿ ಹೇಳುತ್ತಿದ್ದರು. ಬೇರಿಕೆ, ಹೊಸೂರು ಇರುವುದು ಮೇಲಿನ ಮೆಟ್ಟಿಲಾದ ಬಾಲಾಘಾಟ್‌ನಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಬಯಲಿನ ನಡುವೆ ಎದ್ದು ನಿಂತ ಶೂಲಗಿರಿಯ ಬೆಟ್ಟ, ಅದಕ್ಕೂ ಆಚೆ ರಾಯಕೋಟೆಯ ಬಂಡೆ, ಘಾಟಿ ಇಳಿದರೆ ಕೃಷ್ಣಗಿರಿಯ ದುರ್ಗ. ನಿಂಟೆಂಡೊದವರು ಲೆಕ್ಕ ಹಾಕಿ ಇಟ್ಟ ತ್ರಿಕೋನಗಳು ಇಲ್ಲಿ ತಾವಾಗಿಯೇ ನಿಂತಿವೆ. ಆ ಬಂಡೆಗಳ ನೆತ್ತಿಯ ಮೇಲೆ ಕೋಟೆ ಕಟ್ಟಿದವರಿಗೆ ಕಣ್ಣಳತೆಯ ಬೆಲೆ ಗೊತ್ತಿತ್ತು.

1791ರಲ್ಲಿ ಇಲ್ಲಿ ನಡೆದದ್ದನ್ನು ಆಟದ ವಿನ್ಯಾಸಕರು ಓದಬೇಕು. ಬಾರಾಮಹಲಿನ ಕಣಿವೆಗಳ ಮೂಲಕವೇ ಇಂಗ್ಲಿಷರು ಬರುತ್ತಾರೆಂದು ಮೈಸೂರಿನ ಟಿಪ್ಪು ಸುಲ್ತಾನ ನಿರೀಕ್ಷಿಸಿದ್ದ. ಅವರ ಸೇನಾಪತಿ ಕಾರ್ನ್‌ವಾಲಿಸ್ ಆ ಕಡೆ ಹೊರಟಂತೆ ತೋರಿಸಿ, ಉತ್ತರಕ್ಕೆ ತಿರುಗಿ, ಚಿತ್ತೂರಿನ ಹತ್ತಿರದ ಮುಗಳಿ ಘಾಟಿ ಹತ್ತಿ ಕೋಲಾರದ ಮೇಲೆ ಬೆಂಗಳೂರಿಗೆ ಬಂದ. ಕಾವಲಿದ್ದ ದಾರಿಯನ್ನು ಬಳಸಿ ಹೋದ. ಜುಲೈಯಲ್ಲಿ ರಾಯಕೋಟೆ ಅವರ ಕೈಸೇರಿತು. ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್‌ನ ಪಡೆ ಕೃಷ್ಣಗಿರಿಯ ಕೆಳಗಿನ ಕೋಟೆಗೆ ನುಗ್ಗಿತು, ಮೇಲಿನ ದುರ್ಗಕ್ಕೆ ಏಣಿ ಹಾಕಿತು. ಮೇಲಿದ್ದವರು ಬಂಡೆಗಳನ್ನು ಉರುಳಿಸಿ ಅದನ್ನು ಹಿಮ್ಮೆಟ್ಟಿಸಿದರು. ದುರ್ಗ ಕಾದಾಟದಲ್ಲಿ ಬೀಳಲೇ ಇಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಇಡಿಯಾಗಿ ಈಸ್ಟ್ ಇಂಡಿಯಾ ಕಂಪನಿಗೆ ಹೋದಾಗ ಅದೂ ಹೋಯಿತು.

ಕಥೆ ಹೇಳುವ ಕಲ್ಲುಗಳೂ ಈ ಸೀಮೆಯ ತುಂಬ ಇವೆ. ಕೆರೆಯ ಏರಿಯಲ್ಲಿ, ಊರ ಹೊರಗೆ, ಹೊಲದ ಬದುವಿನಲ್ಲಿ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಸತ್ತ ವೀರನ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಎಲ್ಡೆನ್ ರಿಂಗ್‌ನಲ್ಲಿ ನೆಲದ ಮೇಲಿನ ರಕ್ತದ ಕಲೆ ಮುಟ್ಟಿದರೆ ಇನ್ನೊಬ್ಬ ಆಟಗಾರನ ಕೊನೆಯ ಗಳಿಗೆ ನೆರಳಿನಂತೆ ಕಾಣುತ್ತದೆ, ಮುಂದೆ ಬರುವವರಿಗೆ ಎಚ್ಚರಿಕೆಯಾಗುತ್ತದೆ. ನಮ್ಮ ಹುಡುಗರು ಆಟ ಕಟ್ಟಿದರೆ ಆ ಕೆಲಸಕ್ಕೆ ಹೊಸದೇನೂ ಹುಡುಕಬೇಕಿಲ್ಲ, ಸತ್ತಲ್ಲಿ ಕಲ್ಲು ನಿಲ್ಲಿಸಿದರಾಯಿತು.

ಅಂಥ ಆಟ ಬಂದರೆ ನನ್ನದು ಒಂದೇ ಬೇಡಿಕೆ. ಬೇರಿಕೆಯಿಂದ ಹೊರಟವಳಿಗೆ ಕೃಷ್ಣಗಿರಿಯ ಮೇಲಿನ ದುರ್ಗ ಮೊದಲ ದಿನವೇ ತೆರೆದಿರಬೇಕು. ಏಣಿ ಹಾಕಲು ಬಿಡಿ, ಬಂಡೆ ಉರುಳಿ ಬರಲಿ, ಅವಳು ಸಾಯಲಿ. ಕೆಳಗೆ ಎದ್ದು ಕೂತು ತಲೆಯೆತ್ತಿದಾಗ ರಾಯಕೋಟೆಯ ಕಡೆಗೆ ಹೋಗುವ ದಾರಿ ಅವಳ ಕಣ್ಣಿಗೆ ಬೀಳುವ ಹಾಗೆ ಮಾಡಿ.